ಬಿ.ಇಡಿ ಮುಗಿಸಿ ಮೊದಲ ಕೆಲಸ ಹುಡುಕುತ್ತಿದ್ದೀರಾ? ಗಂಗಾವತಿಯ ಈ ಜೆರಾಕ್ಸ್ ಅಂಗಡಿಗೆ ಹೋಗಿ

ಗಂಗಾವತಿಯಲ್ಲಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹತ್ತಿರದಲ್ಲೇ ಒಂದು ಜೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿ, ಲ್ಯಾಮಿನೇಷನ್, ಪಾಸ್‌ಪೋರ್ಟ್ ಸೈಜ್ ಫೋಟೊ, ಎಲ್ಲ ಅಲ್ಲೇ ಆಗುತ್ತದೆ. ಬೋರ್ಡಿನ ಬಣ್ಣ ಬಿಸಿಲಿಗೆ ಹೋಗಿದೆ, ಆದರೆ ಬಿಇಒ ಆಫೀಸಿನ ಜೆರಾಕ್ಸ್ ಅಂಗಡಿ ಎಂದು ಕೇಳಿದರೆ ಆಟೊದವರೇ ಕರೆದುಕೊಂಡು ಹೋಗಿ ಬಿಡುತ್ತಾರೆ. ಶಿಕ್ಷಕಿಯಾಗಿ ನನ್ನ ಮೊದಲ ಕೆಲಸ ಸಿಕ್ಕಿದ್ದು ಈ ಅಂಗಡಿಯಿಂದ. ಕೋಚಿಂಗ್ ಸೆಂಟರಿಗೂ ಕನ್ಸಲ್ಟೆನ್ಸಿಗೂ ದುಡ್ಡು ಕಟ್ಟುವ ಮೊದಲು ನಮ್ಮ ಭಾಗದ ಹೊಸ ಬಿ.ಇಡಿ, ಡಿ.ಎಲ್.ಇಡಿ ಪದವೀಧರರು ಒಮ್ಮೆ ಇಲ್ಲಿಗೆ ಹೋಗಿ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಯಾಕೆಂದು ಮುಂದೆ ಹೇಳುತ್ತೇನೆ.

ನಾನು ಓದಿದ್ದು ಬಿ.ಎ., ಬಿ.ಇಡಿ. ಸಮಾಜ ವಿಜ್ಞಾನ ಮತ್ತು ಕನ್ನಡ. ಬಿ.ಇಡಿ 2015ರಿಂದ ಎರಡು ವರ್ಷದ ಕೋರ್ಸು. ಆ ಎರಡು ವರ್ಷದಲ್ಲಿ ಸೂಕ್ಷ್ಮ ಬೋಧನೆ, ಪಾಠ ಯೋಜನೆ, ಇಂಟರ್ನ್‌ಶಿಪ್ ಎಲ್ಲ ಕಲಿಸಿದರು, ಚೆನ್ನಾಗಿಯೇ ಕಲಿಸಿದರು. ಕೋರ್ಸು ಮುಗಿದ ಮರುದಿನ ಯಾವ ಕಾಗದ ಹಿಡಿದು ಯಾರ ಬಾಗಿಲಿಗೆ ಹೋಗಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ. ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಪಾಸಾದರೆ ಕೆಲಸ ಸಿಕ್ಕಿತು ಎಂದೇ ನಮ್ಮ ಮನೆಯವರು ತಿಳಿದಿದ್ದರು. ಟಿಇಟಿ ಅರ್ಹತೆ ಅಷ್ಟೇ, ನೇಮಕಾತಿ ಬೇರೆ. ನೇಮಕಾತಿಯ ಅಧಿಸೂಚನೆ ಯಾವಾಗ ಬರುತ್ತದೋ ಗೊತ್ತಿರುವುದಿಲ್ಲ. ಅಲ್ಲಿಯವರೆಗೆ ಸರ್ಕಾರಿ ಶಾಲೆಯಲ್ಲಿ ವರ್ಷದ ಮಟ್ಟಿಗೆ ಅತಿಥಿ ಶಿಕ್ಷಕಿಯಾಗಬೇಕು, ಇಲ್ಲವೇ ಖಾಸಗಿ ಶಾಲೆ ಸೇರಬೇಕು. ಈ ನಡುವಿನ ಕಾಲವನ್ನು ದಾಟಿಸುವವರು ಬೇಕು. ಆ ಕೆಲಸವನ್ನು ಈ ಅಂಗಡಿ ಮಾಡುತ್ತದೆ.

ಅಂಗಡಿ ನಡೆಸುವುದು ಗಂಡ ಹೆಂಡತಿ. ಅಣ್ಣಾರು ಕಂಪ್ಯೂಟರಿನ ಮುಂದೆ, ಅಕ್ಕಾರು ಜೆರಾಕ್ಸ್ ಮಷೀನಿನ ಹತ್ತಿರ. ಅರ್ಜಿ ತುಂಬುವ ಕೆಲಸದಲ್ಲಿ ಅವರಷ್ಟು ಶಿಸ್ತಿನವರನ್ನು ನಾನು ನೋಡಿಲ್ಲ. ಟಿಇಟಿ ಅರ್ಜಿ ಹಾಕಲು ಕೂತಾಗ ಅವರು ಮೊದಲು ಕೇಳಿದ್ದು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು. ಅದನ್ನು ಕೀಬೋರ್ಡಿನ ಮೇಲ್ಗಡೆ ಇಟ್ಟು, ಹೆಸರಿನ ಸಾಲಿನ ಕೆಳಗೆ ಒಂದು ಸ್ಟೀಲ್ ಸ್ಕೇಲ್ ಹಿಡಿದರು. "ನೀವ ಓದ್ರಿ ತಂಗೆಮ್ಮ, ಒಂದೊಂದ ಅಕ್ಷರ" ಎಂದರು. ನಾನು ಇಂಗ್ಲಿಷ್ ಅಕ್ಷರ ಒಂದೊಂದಾಗಿ ಹೇಳುತ್ತಾ ಹೋದೆ, ಅವರು ಟೈಪ್ ಮಾಡುತ್ತಾ ಹೋದರು. ಆಮೇಲೆ ಆಧಾರ್ ಕಾರ್ಡು ಪಕ್ಕದಲ್ಲಿಟ್ಟರು. ಅದರಲ್ಲಿ ನನ್ನ ತಂದೆಯ ಹೆಸರು ಪೂರ್ತಿ ಇದೆ, ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್ ಮಾತ್ರ. "ಪರೀಕ್ಷೆಗೆ ಇದು ನಡೀತೈತಿ, ದಾಖಲೆ ಪರಿಶೀಲನೆ ದಿನ ಪ್ರಶ್ನೆ ಬರ್ತೈತಿ. ಈಗ ವ್ಯಾಳ್ಯಾ ಐತಿ, ಆಧಾರ್ ತಿದ್ದಿಸ್ರಿ" ಎಂದರು. ಅಂಥ ಮಾತು ಹೇಳಲು ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ. ಹಿಂದೆ ಸಾಲು ನಿಂತಿದ್ದರೂ ಅವಸರ ಮಾಡುವುದಿಲ್ಲ.

ಎಲ್ಲ ತುಂಬಿದ ಮೇಲೆ ಶುಲ್ಕ ಕಟ್ಟುವ ಮುಂಚೆ ಒಂದು ಪ್ರಿಂಟ್ ತೆಗೆದು ನಿಮ್ಮ ಕೈಗೆ ಕೊಡುತ್ತಾರೆ. ಜೊತೆಗೆ ಒಂದು ಕೆಂಪು ಪೆನ್ನು. ಗೋಡೆ ಕಡೆಯ ಬೆಂಚಿನ ಮೇಲೆ ಕೂತು ಪ್ರತಿ ಸಾಲಿಗೂ ಟಿಕ್ ಹಾಕಿ, ಕೊನೆಗೆ ಸಹಿ ಮಾಡಿ ಕೊಡಬೇಕು. ಹುಟ್ಟಿದ ದಿನಾಂಕ, ಮೀಸಲಾತಿ ವರ್ಗ, ಪತ್ರಿಕೆ ಒಂದೋ ಎರಡೋ, ಭಾಷೆ ಯಾವುದು, ಗಣಿತ-ವಿಜ್ಞಾನವೋ ಸಮಾಜ ವಿಜ್ಞಾನವೋ. ಆ ಪ್ರಿಂಟಿಗೆ ಸಹಿ ಬೀಳದೆ ಅಣ್ಣಾರು ಸಬ್ಮಿಟ್ ಒತ್ತುವುದೇ ಇಲ್ಲ. ಮೊಬೈಲ್ ನಂಬರಿನ ಜಾಗದಲ್ಲಿ ನಿಮ್ಮ ನಂಬರೇ ಹಾಕಬೇಕು. ಎಷ್ಟೋ ಅಂಗಡಿಗಳಲ್ಲಿ ಬೇಗ ಮುಗಿಯಲಿ ಎಂದು ಅವರದೇ ನಂಬರ್ ಹಾಕಿಬಿಡುತ್ತಾರೆ, ಆಮೇಲೆ ಹಾಲ್ ಟಿಕೆಟ್ ತೆಗೆಯಲು ಒಟಿಪಿಗಾಗಿ ಅವರ ಹಿಂದೆ ಓಡಾಡಬೇಕು. ಇಲ್ಲಿ ಲಾಗಿನ್ ವಿವರವನ್ನು ಒಂದು ಚೀಟಿಯಲ್ಲಿ ಬರೆದು ಅರ್ಜಿಯ ಪ್ರತಿಗೆ ಪಿನ್ ಹೊಡೆದು ಕೊಡುತ್ತಾರೆ.

ಸುಮ್ಮನೆ ದುಡ್ಡು ಕಳೆದುಕೊಳ್ಳಲು ಬಂದವರನ್ನು ವಾಪಸ್ ಕಳಿಸಿದ್ದನ್ನೂ ನೋಡಿದ್ದೇನೆ. ನನ್ನ ಮುಂದೆ ನಿಂತಿದ್ದ ಒಬ್ಬ ಅಕ್ಕ ಬಹಳ ಹಿಂದೆ ಟಿಇಟಿ ಪಾಸಾಗಿದ್ದರು. ಏಳು ವರ್ಷದ ಅವಧಿ ಮುಗಿಯಿತು, ಮತ್ತೆ ಬರೆಯಬೇಕು ಎಂದು ಬಂದಿದ್ದರು. "ಅದು 2021ರಾಗ ಜೀವನಪರ್ಯಂತ ಅಂತ ಮಾಡ್ಯಾರ ಅಕ್ಕಾರ, 2011ರಿಂದ ಪಾಸಾದವರಿಗೆಲ್ಲ ಅನ್ವಯ ಐತಿ. ಅಂಕ ಹೆಚ್ಚ ಮಾಡ್ಕೊಳ್ಳೋದಿದ್ರ ಬರೀರಿ, ಇಲ್ಲಂದ್ರ ರೊಕ್ಕ ಯಾಕ ಹಾಳ ಮಾಡ್ತೀರಿ" ಎಂದರು ಅಣ್ಣಾರು. ಒಂದು ಪತ್ರಿಕೆಗೆ ಸಾಮಾನ್ಯ ವರ್ಗದವರು, 2ಎ, 2ಬಿ, 3ಎ, 3ಬಿ ಅವರು ಕಟ್ಟಬೇಕಾದದ್ದು 700 ರೂಪಾಯಿ, ಎರಡೂ ಪತ್ರಿಕೆ ಬರೆದರೆ 1000. ಪರಿಶಿಷ್ಟರಿಗೆ ಮತ್ತು ಪ್ರವರ್ಗ 1ಕ್ಕೆ ಅದರ ಅರ್ಧ. ಮನೆಯಿಂದ ದುಡ್ಡು ಕೇಳಿ ತಂದವರಿಗೆ ಅದು ಸಣ್ಣ ಮೊತ್ತವಲ್ಲ. ನೇಮಕಾತಿಯ ಮೆರಿಟ್‌ನಲ್ಲಿ ಟಿಇಟಿ ಅಂಕವೂ ಸೇರುತ್ತದೆ, ಹಾಗಾಗಿ 150ಕ್ಕೆ 90 ಬಂದು ಪಾಸಾದವರು ಇನ್ನೊಮ್ಮೆ ಬರೆಯುವುದರಲ್ಲಿ ಅರ್ಥವಿದೆ. ಆ ಅಕ್ಕನ ಅಂಕ ಚೆನ್ನಾಗಿಯೇ ಇತ್ತು. ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಮಾಡಿಸಿಕೊಂಡು ಹೋದರು.

ಪ್ರಮಾಣಪತ್ರಗಳ ವಿಷಯದಲ್ಲಿ ಈ ಅಂಗಡಿಗೆ ನಾನು ತುಂಬಾ ಋಣಿ. ನೇಮಕಾತಿ ಕರೆದ ಮೇಲೆ ಓಡಾಡಿದರೆ ಆಗುವುದಿಲ್ಲ, ಈಗಲೇ ಮಾಡಿಟ್ಟುಕೊಳ್ಳಿ ಎಂದು ಅಣ್ಣಾರು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ ಗ್ರಾಮೀಣ ಪ್ರಮಾಣಪತ್ರ. ಅದಕ್ಕೆ ಶಾಲೆಯ ಮುಖ್ಯ ಶಿಕ್ಷಕರ ಸಹಿ ಆದ ಮೇಲೆ ಬಿಇಒ ಮೇಲುಸಹಿ ಬೇಕು. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25ರಷ್ಟು ಮೀಸಲಾತಿ ಇರುವುದರಿಂದ ನಮ್ಮಂಥವರಿಗೆ ಆ ಒಂದು ಹಾಳೆ ಬಹಳ ದೊಡ್ಡದು. ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಇನ್ನೊಂದು ಹಾಳೆ, ಅದರಲ್ಲಿ ಶೇ 5. ಆಮೇಲೆ ನಮ್ಮ ಕೊಪ್ಪಳವೂ ಸೇರಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿಯ ಪ್ರಮಾಣಪತ್ರ. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆ ಕರೆದಾಗ 5,000 ನಮ್ಮ ಭಾಗಕ್ಕೇ ಇದ್ದವು. ಆ ಪ್ರಮಾಣಪತ್ರ ಕೈಯಲ್ಲಿಲ್ಲದಿದ್ದರೆ ಇಲ್ಲೇ ಹುಟ್ಟಿ ಬೆಳೆದವರೂ ಆ ಲೆಕ್ಕದಲ್ಲಿ ಬರುವುದಿಲ್ಲ.

ಹೆಣ್ಣುಮಕ್ಕಳು ಬಂದರೆ ಅಕ್ಕಾರು ಎದ್ದು ಬಂದು ಒಂದು ಪ್ರಶ್ನೆ ಕೇಳುತ್ತಾರೆ: "ಲಗ್ನ ಆಗೇತೇನಮ್ಮ? ಜಾತಿ-ಆದಾಯ ಯಾರ ಹೆಸರಿಲೆ ತಗಸೀರಿ?" ಅದು ಕುತೂಹಲದ ಪ್ರಶ್ನೆ ಅಲ್ಲ. ಅದೇ 2022ರ ನೇಮಕಾತಿಯಲ್ಲಿ ಮದುವೆಯಾದ ಅಭ್ಯರ್ಥಿಗಳ ಜಾತಿ-ಆದಾಯ ಪ್ರಮಾಣಪತ್ರ ತಂದೆಯ ಹೆಸರಿನಲ್ಲಿರಬೇಕೋ ಗಂಡನ ಹೆಸರಿನಲ್ಲಿರಬೇಕೋ ಎಂಬ ವಿವಾದ ಹೈಕೋರ್ಟ್‌ವರೆಗೆ ಹೋಯಿತು. ಪಟ್ಟಿಯಲ್ಲಿ ಹೆಸರು ಬಂದವರೂ ಬರದವರೂ ಎಷ್ಟೋ ತಿಂಗಳು ಕಾದರು. ಅಕ್ಕಾರು ಹೇಳುವುದು ಇಷ್ಟೇ: ಅಧಿಸೂಚನೆ ಬಂದ ದಿನ ಆ ಪ್ಯಾರಾ ತೆಗೆದು ಓದಿ, ಅದರಲ್ಲಿ ಹೇಗೆ ಬರೆದಿದೆಯೋ ಹಾಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಆರ್‌ಡಿ ನಂಬರ್ (ಪ್ರಮಾಣಪತ್ರದ ಸಂಖ್ಯೆ) ಬಂದ ಮೇಲೆಯೇ ಅರ್ಜಿ ತುಂಬಲು ಬನ್ನಿ. ಲಗ್ನ ಗೊತ್ತಾಗಿದ್ದ ನನ್ನ ಗೆಳತಿಯನ್ನು ಕೂರಿಸಿಕೊಂಡು ಹಿಂದಿನ ಅಧಿಸೂಚನೆಯ ಆ ಪುಟವನ್ನು ಓದಿ ತಿಳಿಸಿ ಹೇಳಿದರು. ಈ ಮಾತನ್ನು ನಮ್ಮ ಹೆಣ್ಣುಮಕ್ಕಳಿಗೆ ಕಾಲೇಜಿನಲ್ಲೇ ಹೇಳಬೇಕಿತ್ತು.

ಇನ್ನು ಹಲಗೆಯ ವಿಷಯ. ಅಂಗಡಿಯ ಒಳಗೋಡೆಗೆ ಒಂದು ಪ್ಲೈವುಡ್ ಹಲಗೆ ಹೊಡೆದಿದ್ದಾರೆ. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಚೀಟಿಗಳು: ಯಾವ ಊರಿನ ಶಾಲೆ, ಯಾವ ವಿಷಯ, ಸರ್ಕಾರಿಯೋ ಖಾಸಗಿಯೋ, ಬಸ್ ಇದೆಯೋ ಇಲ್ಲವೋ. ಇದು ಹೇಗೆ ನಡೆಯುತ್ತದೆ ಎಂದರೆ, ಸುತ್ತಲಿನ ಶಾಲೆಗಳ ಹೆಡ್ ಮಾಸ್ತರುಗಳು ಬಿಇಒ ಕಚೇರಿಗೆ ಮೀಟಿಂಗಿಗೆ ಬಂದಾಗ ಪ್ರಶ್ನೆಪತ್ರಿಕೆ, ಬಿಸಿಯೂಟದ ಲೆಕ್ಕ, ಮಕ್ಕಳ ದಾಖಲೆಯ ಎಸ್‌ಎಟಿಎಸ್ ಮಾಹಿತಿ ಎಲ್ಲ ಪ್ರಿಂಟ್ ಹಾಕಿಸುವುದು ಇಲ್ಲೇ. ಕೆಲಸ ಹುಡುಕುವವರು ಜೆರಾಕ್ಸ್ ಮಾಡಿಸುವುದೂ ಇಲ್ಲೇ. ಎರಡು ಕಡೆಯವರೂ ಒಂದೇ ಕೌಂಟರಿನ ಮುಂದೆ ನಿಲ್ಲುತ್ತಾರೆ. "ನಮ್ಮಲ್ಲಿ ಸಮಾಜಕ್ಕೆ ಯಾರೂ ಇಲ್ಲ, ಯಾರಾದ್ರೂ ಇದ್ರ ಕಳಸ್ರಿ" ಎಂದು ಮಾಸ್ತರು ಹೇಳಿ ಹೋದರೆ ಅದು ಹಲಗೆ ಮೇಲೆ ಬರುತ್ತದೆ. ಜಾಗ ತುಂಬಿದ ದಿನ ಅಣ್ಣಾರು ಚೀಟಿಯ ಮೇಲೆ ಕೆಂಪು ಗೆರೆ ಹೊಡೆಯುತ್ತಾರೆ. ಇದಕ್ಕೆ ಯಾರಿಂದಲೂ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಯಾಕೆಂದು ಕೇಳಿದ್ದಕ್ಕೆ, "ನೌಕರಿ ಸಿಕ್ರ ನೀವೂ ಮಕ್ಕಳ ಪ್ರಶ್ನೆಪತ್ರಿಕೆ ಇಲ್ಲೇ ಮಾಡ್ಸಾಕ ಬರ್ತೀರಲ್ಲ" ಎಂದರು.

ಆ ಕೆಂಪು ಗೆರೆಯ ಬೆಲೆ ನನಗೆ ಗೊತ್ತಿದೆ. ಅದಕ್ಕೂ ಮೊದಲು ನಾನು ಬೇರೆ ಊರಿನ ಒಂದು ಶಿಕ್ಷಕರ ಕನ್ಸಲ್ಟೆನ್ಸಿಯಲ್ಲಿ ಹೆಸರು ನೋಂದಾಯಿಸಿದ್ದೆ. ಮೊದಲು ನೋಂದಣಿ ಶುಲ್ಕ, ಕೆಲಸ ಸಿಕ್ಕ ಮೇಲೆ ಮೊದಲ ತಿಂಗಳ ಸಂಬಳದಲ್ಲಿ ಪಾಲು. ಅವರು ಕಳಿಸಿದ ಶಾಲೆಗಳಿಗೆ ಬಸ್ ಹಿಡಿದು ಹೋದರೆ ಜಾಗ ಯಾವತ್ತೋ ತುಂಬಿರುತ್ತಿತ್ತು. ತುಂಬಿದ ಜಾಗವನ್ನು ಪಟ್ಟಿಯಿಂದ ತೆಗೆಯುವವರೇ ಅಲ್ಲಿರಲಿಲ್ಲ. ಇನ್ನೊಂದು ಖಾಸಗಿ ಶಾಲೆಯಲ್ಲಿ ಆಯ್ಕೆ ಆಯಿತು, ಆದರೆ ವರ್ಷ ಮುಗಿಯುವ ತನಕ ಬಿ.ಇಡಿ ಮೂಲ ಅಂಕಪಟ್ಟಿ ತಮ್ಮ ಹತ್ತಿರವೇ ಇರಬೇಕು ಎಂದರು. ಅಂದೇ ಸಂಜೆ ಈ ಅಂಗಡಿಗೆ ಬಂದು ಹೇಳಿದೆ. ಅಣ್ಣಾರು ಟೈಪ್ ಮಾಡುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಒರಿಜಿನಲ್ ಯಾರಿಗೂ ಕೊಡಬ್ಯಾಡ್ರಿ. ನೋಡ್ಲಿ, ಕೈಗೆ ವಾಪಸ್ ಕೊಡ್ಲಿ. ನಡುವ ಸರ್ಕಾರಿ ಅಧಿಸೂಚನೆ ಬಂದ್ರ ಏನ ಮಾಡ್ತೀರಿ?" ನಾನು ಆ ಶಾಲೆಗೆ ಹೋಗಲಿಲ್ಲ. ಹೊಸಬರು ಕೆಲಸ ಕೈತಪ್ಪುತ್ತದೆ ಎಂಬ ಹೆದರಿಕೆಯಲ್ಲಿ ಅಂಕಪಟ್ಟಿ ಕೊಟ್ಟುಬಿಡುತ್ತಾರೆ. ದಯವಿಟ್ಟು ಕೊಡಬೇಡಿ.

ನನಗೆ ಕೆಲಸ ಸಿಕ್ಕಿದ್ದು 2025ರ ಜೂನ್‌ನಲ್ಲಿ, ಹಲಗೆಯ ಮೇಲಿನ ಒಂದು ಚೀಟಿಯಿಂದ. ತುಂಗಭದ್ರಾ ಎಡದಂಡೆ ನಾಲೆಯ ಬದಿಯ ಒಂದು ಕ್ಯಾಂಪಿನ (ಆಂಧ್ರದ ಕಡೆಯಿಂದ ಬಂದ ರೈತರು ನೆಲೆಸಿದ ಊರು) ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಅತಿಥಿ ಶಿಕ್ಷಕಿ. ಅರ್ಜಿಯನ್ನು ಕೈಯಿಂದಲೇ ಬರೆಯಿರಿ ಎಂದು ಅಕ್ಕಾರು ಹೇಳಿದರು. ಅಕ್ಷರ ದುಂಡಗೆ ಇದ್ದರೆ ಹೆಡ್ ಮಾಸ್ತರಿಗೆ ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದಂತೆ. ಜೆರಾಕ್ಸ್ ಪ್ರತಿಗಳನ್ನು ಎಸ್‌ಎಸ್‌ಎಲ್‌ಸಿ, ಪಿಯುಸಿ, ಬಿ.ಎ., ಬಿ.ಇಡಿ, ಟಿಇಟಿ ಎಂದು ಸಾಲಾಗಿ ಜೋಡಿಸಿ, ಕೊನೆಯಲ್ಲಿ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇಟ್ಟುಕೊಟ್ಟರು. ಇಂಟರ್ನ್‌ಶಿಪ್‌ನ ಪಾಠ ಯೋಜನೆಯ ಪುಸ್ತಕವನ್ನೂ ಒಯ್ಯಲು ಹೇಳಿದರು. ಶಾಲೆಯಲ್ಲಿ ಹೆಡ್ ಮಾಸ್ತರು ಅದನ್ನೇ ಮೊದಲು ಬಿಚ್ಚಿ ನೋಡಿದರು. ಆಮೇಲೆ ಏಳನೇ ತರಗತಿಗೆ ಒಂದು ಪಾಠ ಮಾಡಿ ಎಂದರು. ನಾನು ಕರಿಹಲಗೆಯ ಮೇಲೆ ತುಂಗಭದ್ರಾ ಅಣೆಕಟ್ಟು ಬರೆದು, ನಾಲೆ ಎಳೆದು, ನಿಮ್ಮ ಶಾಲೆ ಎಲ್ಲಿ ಬರುತ್ತದೆ ಗುರುತು ಮಾಡಿ ಎಂದು ಸೀಮೆಸುಣ್ಣ ಮಕ್ಕಳ ಕೈಗೆ ಕೊಟ್ಟೆ. ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳೂ ಅದರಲ್ಲಿದ್ದರು. ಎಲ್ಲರೂ ಹಲಗೆ ಮುಂದೆ ಮುಗಿಬಿದ್ದರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಕೇಳಿದ್ದು ಒಂದೇ ಪ್ರಶ್ನೆ: "ದಿನಾ ಬರ್ತೀರೇನ್ರಿ ಟೀಚರ್?" ಬರುತ್ತೇನೆ ಎಂದೆ.

ಗೌರವಧನದ ಲೆಕ್ಕವನ್ನೂ ಅಂಗಡಿಯಲ್ಲೇ ಮೊದಲು ಕೇಳಿ ತಿಳಿದಿದ್ದೆ. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,000 ಇದ್ದದ್ದು 2025-26ರಿಂದ 12,000 ಆಗಿದೆ, ಪ್ರೌಢಶಾಲೆಗೆ 12,500. ತಿಂಗಳು ತಿಂಗಳು ಬರುತ್ತದೆ ಎಂದು ಸಾಲ ಮಾಡಬೇಡಿ, ಅನುದಾನ ಬಂದಾಗ ಒಟ್ಟಿಗೆ ಬರುತ್ತದೆ, ಬಸ್ ಪಾಸಿಗೂ ಊಟಕ್ಕೂ ಕೈಯಲ್ಲಿ ಸ್ವಲ್ಪ ಇಟ್ಟುಕೊಂಡೇ ಸೇರಿ ಎಂದಿದ್ದರು ಅಣ್ಣಾರು. ಇದು ಕಾಯಂ ಕೆಲಸಕ್ಕೆ ದಾರಿ ಅಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಮುಂದಿನ ಜೂನ್‌ಗೆ ಮತ್ತೆ ಹೊಸದಾಗಿ ಅರ್ಜಿ ಹಾಕಬೇಕು. ಇಷ್ಟು ತಿಳಿದುಕೊಂಡು ಸೇರಿದ್ದರಿಂದ ನನಗೆ ಮೋಸ ಹೋದೆ ಎಂದು ಯಾವತ್ತೂ ಅನಿಸಿಲ್ಲ. ತರಗತಿಯಲ್ಲಿ ನಿಂತ ಅನುಭವ ಮಾತ್ರ ನನ್ನದಾಯಿತು.

ಈಗ ಆ ಒಂದು ಅಂಕ ಕಳೆದದ್ದಕ್ಕೆ ಕಾರಣ. ಎಲ್ಲಕ್ಕಿಂತ ಗಂಭೀರವಾದದ್ದು, ಗಿರಾಕಿಗಳ ಆಧಾರ್, ಅಂಕಪಟ್ಟಿ, ಫೋಟೊ, ಸಹಿ ಎಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ ಹಾಗೇ ಬಿಟ್ಟಿರುತ್ತಾರೆ. ನನ್ನ ಫೋಲ್ಡರ್ ಹುಡುಕುವಾಗ ಬೇರೆಯವರ ಹೆಸರಿನ ಫೋಲ್ಡರುಗಳು ಕಣ್ಣಿಗೆ ಬಿದ್ದವು. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ. ಕೇಳಿಸಿಕೊಂಡರು, ರಾತ್ರಿ ಅಂಗಡಿ ಮುಚ್ಚುವಾಗ ಅಳಿಸುತ್ತೇವೆ ಎಂದರು. ಆದರೂ ನೀವು ಪೆನ್‌ಡ್ರೈವ್ ಒಯ್ದು, ಕೆಲಸ ಮುಗಿದ ಮೇಲೆ ನಿಮ್ಮ ಎದುರಿಗೇ ಅಳಿಸಲು ಹೇಳಿ. ರೀಸೈಕಲ್ ಬಿನ್ ಕೂಡ. ಅವರು ಬೇಸರ ಮಾಡಿಕೊಳ್ಳುವುದಿಲ್ಲ.

ಅವರ ಬಯೋಡೇಟಾ ನಮೂನೆ ಹಳೆಯದು. ಅರ್ಧ ಪುಟ ತಂದೆಯ ಹೆಸರು, ಧರ್ಮ, ಹವ್ಯಾಸದಲ್ಲೇ ಹೋಗುತ್ತದೆ, ಬೋಧನಾ ಅಭ್ಯಾಸಕ್ಕೆ ಒಂದು ಸಾಲು. ಹೊಸಪೇಟೆ, ಬಳ್ಳಾರಿ ಕಡೆಯ ಸಿಬಿಎಸ್‌ಇ ಶಾಲೆಗಳಿಗೆ ಅರ್ಜಿ ಹಾಕುವವರು ತಮ್ಮದೇ ಪಿಡಿಎಫ್ ಮಾಡಿಕೊಂಡು ಹೋಗಿ. ಯಾವ ತರಗತಿಗೆ ಯಾವ ಪಾಠ ಮಾಡಿದ್ದೀರಿ ಎಂಬುದನ್ನು ಮೇಲೇ ಬರೆಯಿರಿ. ಸಣ್ಣ ಜೆರಾಕ್ಸ್ ಮಷೀನ್ ಬಲಗಡೆ ಒಂದು ಬೂದು ಗೆರೆ ಎಳೆಯುತ್ತದೆ, ಅಂಕಪಟ್ಟಿಗೆ ದೊಡ್ಡ ಮಷೀನನ್ನೇ ಕೇಳಿ. ಮತ್ತೆ ಜನಜಂಗುಳಿ. ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ತೀರ್ಪು ಕೊಟ್ಟ ಮೇಲೆ ಸೇವೆಯಲ್ಲಿರುವ ಮಾಸ್ತರುಗಳೂ ಅದೇ ಬೆಂಚಿನ ಮೇಲೆ ಕೆಂಪು ಪೆನ್ನು ಹಿಡಿದು ಕೂತಿರುತ್ತಾರೆ. ಕೂರಲು ಇರುವುದು ಅದೊಂದೇ ಬೆಂಚು. ಕೈಗೂಸು ಇರುವ ತಾಯಂದಿರು ಹೊರಗೆ ಬಿಸಿಲಲ್ಲಿ ನಿಲ್ಲುವುದನ್ನು ನೋಡಿ ಸಂಕಟವಾಯಿತು. ಬಾಗಿಲ ಮುಂದೆ ಒಂದು ತಗಡಿನ ನೆರಳಾದರೂ ಹಾಕಿಸಬೇಕು.

ದರ ನ್ಯಾಯವಾಗಿದೆ. ನಾನು ಹೋದಾಗ ಜೆರಾಕ್ಸ್ ಪುಟಕ್ಕೆ ಎರಡು ರೂಪಾಯಿ, ಟಿಇಟಿ ಅರ್ಜಿ ತುಂಬಲು ಶುಲ್ಕ ಬಿಟ್ಟು 60 ರೂಪಾಯಿ. ಬೆಳಿಗ್ಗೆ ಬಿಇಒ ಕಚೇರಿ ತೆರೆಯುವ ಮೊದಲೇ ಅಂಗಡಿ ತೆರೆದಿರುತ್ತದೆ, ಭಾನುವಾರ ರಜೆ. ಕೊನೆಯ ದಿನಾಂಕದ ಹಿಂದಿನ ರಾತ್ರಿ ಹೋಗಬೇಡಿ, ಸರ್ವರ್ ನಿಧಾನವಾಗಿರುತ್ತದೆ, ಅಣ್ಣಾರಿಗೂ ಕೂತು ಓದಿ ನೋಡುವಷ್ಟು ಸಮಯ ಇರುವುದಿಲ್ಲ. ಹೋಗುವಾಗ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಜಾತಿ-ಆದಾಯದ ಆರ್‌ಡಿ ನಂಬರ್, ಬಿ.ಇಡಿ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಒಟಿಪಿ ಬರುವ ಫೋನು ಜೊತೆಗಿರಲಿ. ಅತಿಥಿ ಶಿಕ್ಷಕರ ಕೆಲಸ ಬೇಕಿದ್ದವರು ಮೇ ಕೊನೆಯ ವಾರದಿಂದಲೇ ಹಲಗೆ ನೋಡುತ್ತಿರಿ. ಶಾಲೆ ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ಬಸ್ ಸೌಕರ್ಯ ಇರುವ ಊರುಗಳ ಚೀಟಿಗಳಿಗೆಲ್ಲ ಕೆಂಪು ಗೆರೆ ಬಿದ್ದಿರುತ್ತದೆ.